ಬೀಗರ ಅಂಬಾಸಿಡರಿಗೆ ಹೆಡರ್ ಕೂಡಿಸಲು ಹೋಗಿ

ನನ್ನ ಮೊಮ್ಮಗಳಿಗೆ ಕೆಳಗಿನ ಎರಡು ಹಲ್ಲು ಬಂದಿವೆ ನೋಡ್ರಿ. ಅಕ್ಕಿಕಾಳಿನಂಥವು. ಇದನ್ನು ಮೊದಲು ಬರೆಯದೆ ಮುಂದಿನದು ಬರೆಯಲು ನನ್ನ ಕೈ ಓಡುವುದೇ ಇಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಸೊಟ್ಟಪಟ್ಟ ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷ ಮಡಿಲು ತುಂಬಿರಲಿಲ್ಲ. ತುಂಬಿತು. ಮನೆಯಲ್ಲಿ ಆ ಹಿಗ್ಗು ಇರುವಾಗಲೇ ಶೆಡ್ಡಿಗೆ ಒಂದು ಕೆಲಸ ಬಂತು. ಅದು ನನ್ನನ್ನು ಹೇಗೆ ಹಣ್ಣು ಮಾಡಿತೆಂದರೆ, ನಟ್ಟು ತಿರುಗಿಸುವ ಪಾನಾ ಹಿಡಿದ ಮೇಲೆ ಅಂಥ ದಿನಗಳನ್ನು ನಾನು ಕಂಡಿರಲಿಲ್ಲ. ಒಳಗೆ ಕೂಸು ನಗುವುದು, ಹೊರಗೆ ನಾನು ತಲೆ ಮೇಲೆ ಕೈಹೊತ್ತು ಕೂಡುವುದು. ಹೀಗೆ ನಡೆದಿತ್ತು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ. ಐದನೇ ತಿಂಗಳಿಗೆ ಗಂಡನ ಮನೆಯವರು ಬಂದು ಸೊಸೆಯನ್ನೂ ಕೂಸನ್ನೂ ತೊಟ್ಟಿಲ ಸಮೇತ ಕರೆದುಕೊಂಡು ಹೋಗುತ್ತಾರೆ. ನನ್ನ ಮಗಳನ್ನು ಕೊಟ್ಟದ್ದು ಔರಾದಕ್ಕೆ. ನಾವಿರುವುದು ಬೀದರದ ನೌಬಾದದಲ್ಲಿ, ಮನೆಯ ಮುಂದೆಯೇ ನನ್ನ ತಗಡಿನ ಶೆಡ್ಡು. ಗಾಡಿಗಳ ಸೈಲೆನ್ಸರ್ ಕೆಲಸ ನನ್ನದು. ಕೂಸನ್ನು ಒಯ್ಯುವ ದಿನ ಗೊತ್ತಾಯಿತೋ ಇಲ್ಲವೋ, ಬೀಗರು, ಅಂದರೆ ಮಗಳ ಮಾವ, ತಮ್ಮ ಹಳೆಯ ಅಂಬಾಸಿಡರ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಇಳಿದವರು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಏನ್ರಿ ಬೀಗರ, ಅಳಕೋತ ಬಂದ್ರಿ? ಮೊಮ್ಮಗಳ ನೆನಪಾತೇನು?" ಅಂದೆ.

"ನಿಮ್ಮ ಮಾರಿ ನೋಡಬೇಕಾಗ್ತದಲ್ಲ ಅಂತ ಅಳು ಬಂತರಿ," ಅಂದರು. "ಹೊಗಿರಿ ಇದು, ಹೊಗಿ. ಔರಾದದಿಂದ ಇಲ್ಲಿತನಾ ಗಾಡಿ ತುಂಬ ಹೊಗಿ."

ಬಾನೆಟ್ ಎತ್ತಿ ನೋಡಿದೆ. ಇಂಜಿನ್ನಿನ ಹೊಗೆಯನ್ನು ಕೂಡಿಸಿ ಸೈಲೆನ್ಸರಿಗೆ ಒಯ್ಯುವ ಬೀಡುಕಬ್ಬಿಣದ ದೊಡ್ಡ ತುಂಡು ಇರುತ್ತದೆ, ಮ್ಯಾನಿಫೋಲ್ಡ್ ಅಂತಾರೆ. ಅದರ ನಡುವೆ ಬೆರಳುದ್ದದ ಬಿರುಕು. ಹೊಗೆ ಅಲ್ಲಿಂದ ಹೊರಬಿದ್ದು ಒಳಗೆ ನುಗ್ಗುತ್ತಿತ್ತು. ಈ ಗಾಡಿಯ ಹೊಸ ಮ್ಯಾನಿಫೋಲ್ಡ್ ಈಗ ಎಲ್ಲಿಯೂ ಸಿಗುವುದಿಲ್ಲ.

ನಾನು ಅದನ್ನು ಹೇಳುವುದರೊಳಗೆ ಬೀಗರು ಡಿಕ್ಕಿ ತೆಗೆದು ರಗ್ಗಿನಲ್ಲಿ ಸುತ್ತಿದ ಗಂಟೊಂದನ್ನು ಎತ್ತಿಕೊಂಡು ಬಂದರು. ಕೂಸನ್ನು ಎತ್ತಿದಂತೆ ಎರಡೂ ಕೈಯಲ್ಲಿ. ಬಿಚ್ಚಿದರೆ ಒಳಗೆ ಹೆಡರ್, ಮ್ಯಾನಿಫೋಲ್ಡಿನ ಬದಲಿಗೆ ಹಾಕುವಂಥದ್ದು. ಒಂದು ಉಕ್ಕಿನ ಪಟ್ಟಿಗೆ ಬೆಸೆದ ಮೂರು ಕೊಳವೆ, ಬಾಗಿ ಬಳುಕಿ ಕೆಳಗೆ ಒಂದಾಗುತ್ತವೆ. ನಾಲ್ಕು ಸಿಲಿಂಡರಿನ ಇಂಜಿನ್ನೇ, ಆದರೆ ಇದರಲ್ಲಿ ನಡುವಿನ ಎರಡಕ್ಕೂ ಸೇರಿ ಹೊಗೆಗೆ ಒಂದೇ ಬಾಯಿ. ಅದಕ್ಕೆ ಮೂರು ಕೊಳವೆ. ಪುಣೆಯ ಪರಿಚಯದವರೊಬ್ಬರ ಕಡೆಯಿಂದ ತರಿಸಿದ್ದರಂತೆ. ಮಿಂಚುತ್ತಿತ್ತು.

"ಇದು ಹಾಕಿದ್ರ ಗಾಡಿ ಹುಲಿ ಹಂಗ ಗುರ್ ಅಂತದಂತರಿ."

"ಕೂಸಿನ ಮಲಗಸ್ಲಿಕ್ಕೋ, ಎಬ್ಬಸ್ಲಿಕ್ಕೋ?"

ಅವರು ನಗಲಿಲ್ಲ. ಗಾಡಿಯ ಬಾಗಿಲ ಮೇಲೆ ಕೈಯಿಟ್ಟು, "ನಮ್ಮ ಅಪ್ಪನ ಗಾಡಿರಿ ಇದು. ನಿಮ್ಮ ಅಳಿಯಾನೂ ಕೂಸಿದ್ದಾಗ ಇದರಾಗೇ ಮನಿಗಿ ಬಂದಾನ. ಮೊಮ್ಮಗಳೂ ಇದರಾಗೇ ಬರಬೇಕು. ನಿಮ್ಮ ಕೈಲೇ ಆಗಬೇಕು," ಅಂದರು.

ನಾನು ಸೈಲೆನ್ಸರ್ ಎಷ್ಟು ಕೂಡಿಸಿದ್ದೇನೋ ಲೆಕ್ಕವಿಲ್ಲ. ಹೆಡರ್ ಮಾತ್ರ ಮುಟ್ಟಿದ್ದಿಲ್ಲ. ಆ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಾಗಲೇ ತೆಳು ಅನ್ನಿಸಿತು. ಆದರೆ ಬೀಗರು ತಂದದ್ದಕ್ಕೆ ಹೆಸರಿಡುವ ರೂಢಿ ನಮ್ಮಲ್ಲಿಲ್ಲ. ಅವರು ತಂದ ಸೀರೆಯ ಸೆರಗು ಹರಿದಿದ್ದರೂ ಛಲೋ ಅದರಿ ಅನ್ನುತ್ತೇವೆ. ಹಾಗೇ ನಾನೂ "ಛಲೋ ಅದರಿ" ಅಂದೆ. ಎಲ್ಲ ಕೆಟ್ಟದ್ದು ಆ ಮಾತಿನಿಂದಲೇ.

ಬಿಚ್ಚುವ ಕೆಲಸ ಮರುದಿನ ಹಿಡಿದೆ. ಈ ಇಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡು, ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡು ಎರಡೂ ಒಂದೇ ಬದಿಗೆ. ಅಷ್ಟೇ ಅಲ್ಲ, ಎರಡನ್ನೂ ಹಿಡಿಯುವ ಸ್ಟಡ್ಡುಗಳೂ ಅವೇ. ಸ್ಟಡ್ ಅಂದರೆ ಇಂಜಿನ್ನಿನ ಹೆಡ್ಡಿಗೆ, ಅಂದರೆ ಮೇಲಿನ ಬೀಡಿನ ಮುಚ್ಚಳಕ್ಕೆ, ತಿರುಪಿ ನಿಲ್ಲಿಸಿದ ಕಡ್ಡಿ. ಅದರ ಮೇಲೆ ಒಂದು ದಪ್ಪ ವಾಶರು ಕೂಡುತ್ತದೆ, ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ. ಮೇಲೆ ನಟ್. ಒಂದು ನಟ್ ಬಿಗಿದರೆ ಎರಡೂ ಕೂಡಬೇಕು. ಗಂಡ ಹೆಂಡತಿ ಒಂದೇ ಚಾದರ ಹೊದ್ದಂತೆ ಅನ್ನಿ.

ನಟ್ಟುಗಳಿಗೆ ಮೊದಲ ದಿನವೇ ಡೀಸೆಲ್ ಕುಡಿಸಿ ಬಿಟ್ಟಿದ್ದೆ. ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ, ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಆಡಿಸುತ್ತ ಹೋದೆ. ಒಂದೊಂದೇ ಬಂದವು. ರಾತ್ರಿ ನಮ್ಮಲ್ಲೇ ಉಳಿದಿದ್ದ ಬೀಗರು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಪ್ರತಿ ನಟ್ಟಿಗೂ "ಶಾಬಾಸ್" ಅನ್ನುತ್ತಿದ್ದರು. ನಡುವಿನ ಸ್ಟಡ್ಡಿಗೆ ಬಂದಾಗ ಕೈಗೆ ಒಂಥರಾ ಮೆತ್ತಗೆ ತಾಗಿತು. ಬರುತ್ತಿದೆ ಅಂದುಕೊಂಡೆ. ಬರುತ್ತಿರಲಿಲ್ಲ, ಮುರಿಯುತ್ತಿತ್ತು. ಟಕ್ ಅಂತು. ಹೆಡ್ಡಿನ ಮಟ್ಟಕ್ಕೆ ಸಮ ಮುರಿಯಿತು, ಹಿಡಿಯಲು ಉಗುರಿನಷ್ಟೂ ಉಳಿಯಲಿಲ್ಲ.

"ಶಾಬಾಸ್," ಅಂದರು ಬೀಗರು.

ಅದೂ ಬಂತು ಅಂದುಕೊಂಡಿದ್ದರು. ಅವರು ಬಿರುಕುಬಿಟ್ಟ ಹಳೆಯ ಮ್ಯಾನಿಫೋಲ್ಡನ್ನು ಅದೇ ರಗ್ಗಿನಲ್ಲಿ ಸುತ್ತಿಕೊಂಡು, ಅಪ್ಪನ ಕಾಲದ್ದು ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂತ ಬಸ್ಸಿಗೆ ಹೋದರು.

ಮುರಿದ ಸ್ಟಡ್ಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿದೆ. ಬಿಸಿ ಇರುವಾಗಲೇ ತಿರುಗಿಸಿದೆ. ನಟ್ ಕಿತ್ತು ಬಂತು, ಸ್ಟಡ್ಡು ಅಲ್ಲೇ. ಮತ್ತೆ ಮಾಡಿದೆ, ಮತ್ತೆ ಕಿತ್ತಿತು. ಕೊನೆಗೆ ಡ್ರಿಲ್ ಹಿಡಿದೆ. ಗಾಡಿಯ ಮೇಲೆ ಬಗ್ಗಿ, ಪಕ್ಕದಿಂದ ಹೊಡೆಯಬೇಕು. ನಡುವಿಗೆ ಪಂಚ್ ಹೊಡೆದು ಗುರುತು ಮಾಡಿದ್ದೆ, ಆದರೆ ಸ್ಟಡ್ಡು ಗಟ್ಟಿ, ಸುತ್ತಲಿನ ಬೀಡು ಮೆತ್ತಗೆ. ಬಿಟ್ ಮೆತ್ತನೆಯ ಕಡೆಗೆ ಜಾರಿತು. ನಿಲ್ಲಿಸಿ ನೋಡಿದರೆ ತೂತು ಸೊಟ್ಟ ಹೋಗಿದೆ, ಅರ್ಧ ಸ್ಟಡ್ಡಿನಲ್ಲಿ ಅರ್ಧ ಹೆಡ್ಡಿನಲ್ಲಿ.

ಅವತ್ತು ಊಟ ಸೇರಲಿಲ್ಲ. ಮಗಳು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು, "ಅಪ್ಪಾ, ಇಕಿ ನಿನ್ನ ಕರೀಲಿಕತ್ಯಾಳ ನೋಡು," ಅಂದಳು. ಕೂಸು ನನ್ನನ್ನು ನೋಡಿ ಬಾಯಿ ತುಂಬ ನಕ್ಕಿತು. ಆಗಿನ್ನೂ ಹಲ್ಲಿರಲಿಲ್ಲ, ಬರೀ ವಸಡು. ಆ ನಗು ನೋಡಿ ನಾನೂ ನಕ್ಕೆ. ಅದರ ಹಿಂದೆಯೇ, ಇದನ್ನು ಈ ಗಾಡಿಯಲ್ಲಿ ಕೂಡಿಸಬೇಕಲ್ಲ ಅನ್ನುವುದು ನೆನಪಾಯಿತು.

ಗಾಡಿಯ ಮೇಲೆ ಇನ್ನು ಏನೂ ಆಗುವ ಹಾಗಿರಲಿಲ್ಲ. ನೀರು ಇಳಿಸಿ, ಮೇಲಿನ ರಾಕರ್ ಬಿಚ್ಚಿ, ಪುಶ್‌ರಾಡ್ ಅನ್ನುವ ಕಡ್ಡಿಗಳನ್ನು ಒಂದು ರಟ್ಟಿಗೆ ತೂತು ಮಾಡಿ ಸಾಲಾಗಿ ಸಿಕ್ಕಿಸಿಟ್ಟೆ, ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದಲ್ಲ. ಹೆಡ್ಡನ್ನೇ ಇಳಿಸಿ ಗೋಣಿಚೀಲದಲ್ಲಿ ಸುತ್ತಿ ಟೆಂಪೋಕ್ಕೆ ಹಾಕಿ ಭಾಲ್ಕಿಗೆ ಒಯ್ದೆ. ಅಲ್ಲಿ ಲೇಥ್ ನಡೆಸುವ ಉಸ್ತಾದ್ ನನ್ನ ಹಳೆಯ ದೋಸ್ತ. ಕೆಟ್ಟ ಕೆಲಸವೆಲ್ಲ ಅವನ ಹತ್ತಿರವೇ.

ತೂತು ನೋಡಿ ಅವನು ಕನ್ನಡಕ ಹಣೆಗೇರಿಸಿದ. "ಏನಪಾ, ಡ್ರಿಲ್ ಹೊಡದೀಯೋ ಬಾವಿ ತೋಡೀಯೋ?"

"ನಗಬ್ಯಾಡೋ ಮಾರಾಯಾ. ಬೀಗರ ಗಾಡಿ."

"ಬೀಗರದಾ? ಹಂಗಾದ್ರ ಖುದಾ ಹಾಫಿಜ್," ಅಂದ. ಆದರೆ ಕೆಲಸ ಹಿಡಿದ. ಹೆಡ್ಡನ್ನು ಮಶೀನಿಗೆ ಕಟ್ಟಿ, ತೂತನ್ನು ನೆಟ್ಟಗೆ ದೊಡ್ಡದು ಮಾಡಿ, ಅದರಲ್ಲಿ ಉಕ್ಕಿನ ಬುಶ್ ತಿರುಪಿ ಕೂಡಿಸಿ, ಬುಶ್ಶಿನೊಳಗೆ ಸ್ಟಡ್ಡಿಗೆ ತಿರುಪಿನ ಗೆರೆ ಕೊಯ್ದ. ಆಮೇಲೆ ನಾನು ಚೀಲದಲ್ಲಿ ತಂದಿದ್ದ ಹೆಡರ್ ನೋಡಿ, ಹಾಗೇ ತಿರುಗಿಸಿ ತಿರುಗಿಸಿ, "ಇದರ ತಗಡು ಭಾಳ ಪತಲಾ ಅದ. ಬಿಸಿ ಆದ ಮ್ಯಾಲ ಇದು ಇದ್ದಲ್ಲೇ ಇರೂದಿಲ್ಲ. ಬೀಗರಿಗಿ ಹೇಳಿಬಿಡು," ಅಂದ.

"ಹ್ಯಾಂಗ ಹೇಳ್ಲಿ? ಅವರೇ ತಂದದ್ದು."

"ಹಂಗಾದ್ರ ನಿನ್ನ ಕರ್ಮ. ಚಹಾ ಕುಡಿ."

ಹೆಡ್ ತಂದು ಏರಿಸಿದೆ. ಹೊಸ ಪ್ಯಾಕಿಂಗ್ ಹಾಕಿ, ನಡುವಿನಿಂದ ಶುರುಮಾಡಿ ಹೊರಗೆ ಹೊರಗೆ ಬಿಗಿಯುತ್ತ ಬಂದೆ. ಇನ್ನು ಹೆಡರ್ ಕೂಡಿಸಬೇಕು. ಹೆಡರಿನ ಪಟ್ಟಿ ಸ್ಟಡ್ಡಿಗೆ ಏರಿತು. ಗಾಳಿಯ ಮ್ಯಾನಿಫೋಲ್ಡೂ ಏರಿತು. ವಾಶರ್ ಇಟ್ಟೆ. ಅಲ್ಲೇ ಕಥೆ ಸಿಕ್ಕಿಬಿತ್ತು. ಗಾಳಿಯ ಮ್ಯಾನಿಫೋಲ್ಡಿನ ಅಂಚು ದಪ್ಪ, ಹೆಡರಿನ ಪಟ್ಟಿ ತೆಳು, ಒಂದು ಬೆಂಕಿಕಡ್ಡಿಯಷ್ಟು ಫರಕು. ಎರಡರ ಮೇಲೂ ಕೂಡಬೇಕಾದ ವಾಶರು ಓರೆಯಾಗಿ ನಿಂತಿತು. ನಟ್ ಬಿಗಿದರೆ ಗಾಳಿಯದಷ್ಟೇ ಕೂಡುತ್ತದೆ, ಹೊಗೆಯದು ಸಡಿಲ. ಇನ್ನಷ್ಟು ಬಿಗಿದರೆ ಸ್ಟಡ್ಡು ಬಗ್ಗುತ್ತದೆ. ಮೊನ್ನೆಯೇ ಒಂದು ಮುರಿದಿದ್ದೇನೆ, ಇನ್ನೊಂದಕ್ಕೆ ಧೈರ್ಯವಿಲ್ಲ.

ವಾಶರುಗಳನ್ನು ಒಂದೊಂದಾಗಿ ವೈಸಿಗೆ ಕಚ್ಚಿಸಿ, ಗಾಳಿಯ ಕಡೆಯ ಅರ್ಧವನ್ನು ಕಾನಸಿನಿಂದ ತಿಕ್ಕಿ ಇಳಿಸಿದೆ. ಮೆಟ್ಟಿಲಿನಂತೆ, ಅರ್ಧ ತೆಳು ಅರ್ಧ ದಪ್ಪ. ತಿಕ್ಕುವುದು, ಇಟ್ಟು ನೋಡುವುದು, ತೆಗೆಯುವುದು, ಮತ್ತೆ ತಿಕ್ಕುವುದು. ಹೆಂಡತಿ ಬಂದು, "ಒಳಗ ಕೂಸು ಮಲಗ್ಯಾದ, ನಿಮ್ಮ ಕರ ಕರ ನಿಲ್ಲಸ್ರಿ," ಅಂದಳು. ಕೂಸಿಗಾಗಿಯೇ ತಿಕ್ಕುತ್ತಿದ್ದೇನೆ ಅಂದೆ. "ಹಂಗಾದ್ರ ಅಕಿ ಎದ್ದ ಮ್ಯಾಲ ತಿಕ್ರಿ," ಅಂದಳು. ಎದ್ದ ಮೇಲೆ ತಿಕ್ಕಿದೆ.

ಕೂಡಿಸಿ, ಚಾಲೂ ಮಾಡಿದೆ. ಹುಲಿಯೇನಿಲ್ಲ, ಆದರೆ ದನಿ ತುಂಬಿಕೊಂಡು ಬಂತು. ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಊದಿನಕಡ್ಡಿ ಹಚ್ಚಿ ಜೋಡಣೆಯ ಗುಂಟ ಒಯ್ದೆ. ಎಲ್ಲಾದರೂ ಸೋರುತ್ತಿದ್ದರೆ ಊದಿನಕಡ್ಡಿಯ ಹೊಗೆ ಅಲ್ಲಿ ಹಾರಿ ಚದುರುತ್ತದೆ. ಎಲ್ಲಿಯೂ ಚದುರಲಿಲ್ಲ. ಬೀಗರಿಗೆ ಫೋನ್ ಹಚ್ಚಿ, ಕೂತಿತರಿ ಅಂದೆ. ಆ ಕಡೆಯಿಂದ ಅವರು ಅಳು ತಡೆದು ಮೂಗು ಏರಿಸಿದ ಸಪ್ಪಳ ಕೇಳಿಸಿತು. ಆಮೇಲೆ, "ಬೀಗರ, ನಿಮ್ಮ ಕೈಗಿ ಬಂಗಾರದ ಕಡಗ ಹಾಕಸ್ತೇನಿ," ಅಂದರು.

ಕಡಗದ ಆಸೆ ಸಂಜೆಯವರೆಗೂ ಉಳಿಯಲಿಲ್ಲ. ಗಾಡಿಯನ್ನು ಚಿದ್ರಿ ರಸ್ತೆಗೆ ಒಯ್ದು ತಿರುಗಿಸಿಕೊಂಡು ಬರುವಾಗ ಬಾನೆಟ್ಟಿನ ಕೆಳಗಿಂದ ಟಿಕ್ ಟಿಕ್ ಟಿಕ್ ಅಂತ ಹಲ್ಲಿ ಲೊಚಗುಟ್ಟಿದಂತೆ ಸಪ್ಪಳ. ಮೂರು ಕೊಳವೆ ಒಂದಾಗುವಲ್ಲಿ ಬೆಸುಗೆ ಬಿಟ್ಟಿತ್ತು. ಬಿಚ್ಚಿ ವೆಲ್ಡ್ ಮಾಡಿದೆ. ಓಡಿಸಿದೆ. ಈ ಬಾರಿ ಬೆಸುಗೆಯ ಪಕ್ಕದ ಕೊಳವೆಯೇ ಸೀಳಿತು. ಅದನ್ನು ಮುಚ್ಚಿದರೆ ಮೇಲಿನ ಪಟ್ಟಿ ಬಿಸಿಗೆ ಸೊಟ್ಟಗಾಗಿ ನಡುವಿನ ಬಾಯಿ ಎದ್ದಿತು. ಪಟ್ಟಿಯನ್ನು ಗಾಜಿನ ಮೇಲಿಟ್ಟು ತಿಕ್ಕಿ ಸಮ ಮಾಡಿದೆ, ಇನ್ನಷ್ಟು ತೆಳುವಾಯಿತು. ತೆಳುವಾದ ಮೇಲೆ ನಾನು ಮಾಡಿದ ವಾಶರುಗಳು ಮತ್ತೆ ಓರೆ. ಮತ್ತೆ ಕಾನಸು. ತಣ್ಣಗಿದ್ದಾಗ ಎಲ್ಲ ಸರಿ, ಬಿಸಿಯಾದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ಉಸ್ತಾದ್ ಹೇಳಿದ್ದು ಇದನ್ನೇ.

ಇಷ್ಟು ವರ್ಷ ಕಬ್ಬಿಣ ನನ್ನ ಮಾತು ಕೇಳುತ್ತದೆ ಅಂದುಕೊಂಡಿದ್ದೆ. ಕೇಳುವುದು ಬಿಟ್ಟಿತು ಅನ್ನಿಸಿತು. ಬೆಳಿಗ್ಗೆ ಎದ್ದರೆ ಶೆಡ್ಡಿನ ಕಡೆ ಮುಖ ಮಾಡಲು ಮನಸ್ಸಿಲ್ಲ. ಬೇರೆ ಗಿರಾಕಿಗಳು ಬಂದರೆ ನಾಳೆ ಬರ್ರಿ ಅಂದು ಕಳಿಸುತ್ತಿದ್ದೆ. ಯಾಕೆಂದು ಹೆಂಡತಿಗೂ ಹೇಳಲಿಲ್ಲ. ಮುದುಕನಾದೆ, ಈ ಕೈಗಳಿಗೆ ಇನ್ನು ಕೂಸನ್ನು ಎತ್ತುವುದೊಂದೇ ಕೆಲಸ ಉಳಿದಿದೆಯೇನೋ, ಅದಕ್ಕೂ ಯೋಗ್ಯವೋ ಅಲ್ಲವೋ, ಹೀಗೆಲ್ಲ ತಲೆಯಲ್ಲಿ.

ಆಗ ಹೊಳೆಯಿತು. ಹಳೆಯ ಬೀಡಿನ ಮ್ಯಾನಿಫೋಲ್ಡ್ ಔರಾದದಲ್ಲಿ ಇದೆಯಲ್ಲ. ಅದರ ಬಿರುಕನ್ನು ಭಾಲ್ಕಿಯ ಉಸ್ತಾದ್ ಹಿತ್ತಾಳೆ ಹಾಕಿ ಬೆಸೆದುಕೊಟ್ಟರೆ, ಅದನ್ನೇ ಮತ್ತೆ ಕೂಡಿಸಬಹುದು. ಹುಲಿ ಗುರ್ ಅನ್ನದಿದ್ದರೆ ಇಲ್ಲ. ಹೆಡರ್ ಬಗ್ಗೆ ಬೀಗರಿಗೆ ಆಮೇಲೆ ಏನಾದರೂ ಹೇಳಿಕೊಂಡರಾಯಿತು. ಕೂಡಲೇ ಫೋನ್ ಹಚ್ಚಿದೆ. ಬೀಗತಿ ಎತ್ತಿದರು.

"ಅವ್ವಾರ, ಬೀಗರು ಒಂದು ರಗ್ಗಿನಾಗ ಕಬ್ಬಣ ಸುತ್ತಿ ತಂದಿದ್ದರಲ್ಲರಿ, ಎಲ್ಲಿ ಇಟ್ಟಾರ?"

"ಅದಾರಿ? ಒಡದದ್ದು?"

"ಹೂಂನ್ರಿ, ಅದೇ."

"ಮೋಡಕಾದಂವಗ ಹಾಕಿಬಿಟ್ಟೆನ್ರಿ. ಕೂಸು ಬರೋ ಮನ್ಯಾಗ ಒಡದ ಕಬ್ಬಣ ಇಡ್ತಾರೇನು? ತೂತು ಬಿದ್ದ ಬುಟ್ಟಿ, ಮುರದ ಕೊಡ್ಲಿ, ಅದು, ಎಲ್ಲ ಕೂಡಿಸಿ ಕೊಟ್ಟು ಮನಿ ಸ್ವಚ್ಛ ಮಾಡೇನಿ. ನಿಮ್ಮ ಬೀಗರಿಗಿ ಇನ್ನಾ ಗೊತ್ತಿಲ್ಲ, ಹೇಳಬ್ಯಾಡ್ರಿ ಮತ್ತ."

ತಪ್ಪು ಅವರದೂ ಅಲ್ಲ. ನಮ್ಮ ಮನೆಯಲ್ಲೂ ತೊಟ್ಟಿಲು ಕಟ್ಟುವ ಮುಂಚೆ ಒಡೆದದ್ದು ಮುರಿದದ್ದು ಎಲ್ಲ ಹೊರಗೆ ಹಾಕಿದ್ದೆವು. ಬಸ್ ಹತ್ತಿ ಔರಾದಕ್ಕೆ ಹೋದೆ. ಬೀಗರ ಓಣಿಗೆ ಕಾಲಿಡದೆ ನೇರ ಮೋಡಕಾದವನ ಗುಜರಿ ಅಂಗಡಿಗೆ. ಆತ ಮರಾಠಿ ಬೆರೆಸಿದ ಕನ್ನಡದಲ್ಲಿ, ಬೀಡೆಲ್ಲ ಸುತ್ತಿಗೆಯಲ್ಲಿ ಒಡೆದು ಲಾರಿಗೆ ತುಂಬಿ ಆಯಿತು ಕಾಕಾ ಅಂದ. ಖಾಲಿ ಜಾಗ ತೋರಿಸಿದ. ಅಲ್ಲಿ ತುಕ್ಕಿನ ಪುಡಿ ಮಾತ್ರ ಇತ್ತು. ಆ ನೆಲ ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ, ಆತ ಸ್ಟೂಲು ತಂದು ಹಾಕಿದ.

ಉಳಿದದ್ದು ಹೆಡರ್ ಒಂದೇ. ತಿರುಗಿ ಬಂದು, ಬಿಟ್ಟ ಬೆಸುಗೆಗಳ ಮೇಲೆ ತಗಡಿನ ತೇಪೆ ಹಾಕಿ ಮತ್ತೆ ಬೆಸೆದೆ. ಕೊಳವೆಗಳು ಅಲುಗಾಡದ ಹಾಗೆ ಗೇರ್‌ಬಾಕ್ಸಿನಿಂದ ಒಂದು ಆಧಾರದ ಪಟ್ಟಿ ಕೊಟ್ಟೆ. ಗಾಡಿಯ ತಳಕ್ಕೆ ತುಕ್ಕು ಹಿಡಿದು ಆಗಿದ್ದ ತೂತುಗಳಿಗೆ ತಗಡು ಹೊಡೆದೆ. ಇಂಜಿನ್ ಬಿಸಿ ಮಾಡಿ ಊದಿನಕಡ್ಡಿ ಹಿಡಿದೆ, ನೆಟ್ಟಗೆ ಏರಿತು. ಟಿಕ್ ಟಿಕ್ ಇಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಒಂದು ಸಲ ನಂಬಿ ಫೋನ್ ಹಚ್ಚಿ ಬೀಗರನ್ನು ಅಳಿಸಿದ್ದೆನಲ್ಲ.

ಮನೆಯೊಳಗೆ ಹೋಗಿ ಕೂಸಿನ ಕೌದಿ ತಂದೆ, ಒಗೆದು ಒಣಗಿಸಿದ್ದು, ಹಾಲಿನ ವಾಸನೆಯದು. ಹಿಂದಿನ ಸೀಟಿನ ಮೇಲೆ, ಮಗಳು ಕೂಸನ್ನು ಹಾಕಿಕೊಂಡು ಕೂಡುವ ಜಾಗದಲ್ಲಿ ಹಾಸಿದೆ. ಗಾಜುಗಳನ್ನೆಲ್ಲ ಏರಿಸಿ, ಔರಾದದ ದಾರಿ ಹಿಡಿದು ಜನವಾಡದವರೆಗೆ ಓಡಿಸಿ ತಿರುಗಿಸಿದೆ. ಬರುವಾಗ ಹಣೆಗೆ ಯಾರೋ ಬಟ್ಟೆ ಬಿಗಿದು ಕಟ್ಟಿದಂತೆ ಆಗತೊಡಗಿತು. ಬಿಸಿಲಿಗೆ ಅಂದುಕೊಂಡೆ. ಬಾಯಿ ಕಹಿಯಾಯಿತು. ಗಾಜು ಇಳಿಸಿದೆ, ಹಗುರಾಯಿತು.

ಶೆಡ್ಡಿಗೆ ಬಂದು ಕೌದಿಯನ್ನು ಮೂಗಿಗೆ ಹಿಡಿದೆ. ನನಗೆ ಏನೂ ತಿಳಿಯಲಿಲ್ಲ, ನನ್ನ ಮೂಗಿನಲ್ಲಿ ಜನ್ಮದ ಹೊಗೆ ಕೂತಿದೆ. ಮಗಳನ್ನು ಕರೆದು, ಏನೂ ಹೇಳದೆ ಅವಳ ಕೈಗೆ ಕೊಟ್ಟೆ. ಅವಳು ಮುಖಕ್ಕೆ ಒತ್ತಿಕೊಂಡು ಕೂಡಲೇ ತೆಗೆದಳು.

"ಅಪ್ಪಾ, ಇದರಾಗ ಕೂಸಿನ ಹಾಕ್ತೀ ಏನ?"

ನಾನು ಗಾಡಿಯ ನಾಲ್ಕೂ ಬಾಗಿಲು ತೆರೆದಿಟ್ಟೆ.

"ಮಾವನವರು ಭಾಳ ನೊಂದಕೋತಾರ," ಅಂದಳು. ಆಮೇಲೆ ತಾನೇ, "ನೊಂದಕೊಳ್ಳಲಿ," ಅಂದಳು. ಕೌದಿಯನ್ನು ಬಕೆಟ್ಟಿನಲ್ಲಿ ನೆನೆಹಾಕಲು ಒಯ್ದಳು.

ಹೊಗೆ ಎಲ್ಲಿಂದ ಬರುತ್ತಿದೆ ಅಂತ ಇನ್ನೂ ಹುಡುಕಬಹುದಿತ್ತು. ಗಾಡಿ ನಿಂತಾಗ ಮುಚ್ಚಿಕೊಂಡಿದ್ದು, ಓಡುವಾಗ ಅಲುಗಾಡಿ ಬಿಚ್ಚಿಕೊಳ್ಳುವ ಜಾಗ ಎಲ್ಲೋ ಇತ್ತು. ಹುಡುಕಿ ಮುಚ್ಚಿದರೂ ಇನ್ನೊಂದು ಬಿಚ್ಚುತ್ತಿತ್ತು. ಕೀಲಿಕೈ ತೆಗೆದು ಮೊಳೆಗೆ ಹಾಕಿದೆ. ನನ್ನ ಕೈಲಿ ಆಗಿಲ್ಲ, ಕೂಸು ಇದರಲ್ಲಿ ಹೋಗುವುದಿಲ್ಲ. ಹೀಗೆ ಮನಸ್ಸಿನಲ್ಲಿ ಅಂದುಕೊಂಡಾಗ ಹಗುರಾಗಬೇಕಿತ್ತು. ಆಗಲಿಲ್ಲ. ಎದೆಯ ಮೇಲೆ ಹೆಡ್ಡು ಇಟ್ಟ ಹಾಗೆ ಆಯಿತು.

ಬೀಗರಿಗೆ ಫೋನಿನಲ್ಲಿ ಹೇಳಲು ಎರಡು ಸಲ ನಂಬರ್ ಒತ್ತಿ ಎರಡು ಸಲ ಕಟ್ ಮಾಡಿದೆ. ಕಡೆಗೆ ಕರೆದೊಯ್ಯುವ ದಿನವೇ ಬಂತು. ಬೀಗರು, ಬೀಗತಿ, ನಮ್ಮ ಓಣಿಯ ಮಂದಿ, ಎಲ್ಲ ಬಂದರು. ಅಳಿಯ ಔರಾದದ ಮನೆಯಲ್ಲಿ ತಯಾರಿಗೆ ಉಳಿದಿದ್ದ. ಬೀಗರ ಕೈಯಲ್ಲಿ ಚೆಂಡುಹೂವಿನ ಉದ್ದ ಮಾಲೆ, ಕೂಸಿಗಲ್ಲ, ಗಾಡಿಯ ಮೂತಿಗೆ. ಕಟ್ಟಲು ಬಗ್ಗಿದವರನ್ನು ನಾನು ಶೆಡ್ಡಿನಲ್ಲೇ ತಡೆದೆ.

"ಬೀಗರ, ಕೂಸು ಈ ಗಾಡ್ಯಾಗ ಬರೂದಿಲ್ಲರಿ."

"ಯಾಕ?"

"ಹೊಗಿ ನಿಂತಿಲ್ಲರಿ."

"ಫೋನಿನಾಗ ಕೂತಿತು ಅಂದ್ರಿ?"

"ಕೂತಿತ್ತರಿ. ಎದ್ದತು."

ಅವರು ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಕಿವಿಯಿಟ್ಟು ಕೇಳಿದರು. ದನಿ ಚೆನ್ನಾಗಿಯೇ ಇತ್ತು. "ಎಲ್ಲಿ ಅದರಿ ಹೊಗಿ? ಗಾಜು ಇಳಿಸಿದ್ರಾತು. ಝರಾ ಹೊಗಿಗಿ ಅಂಜಿದ್ರ ಒಲಿ ಮುಂದ ಯಾರು ಕೂಡ್ತಾರ?"

"ಒಲಿ ಹೊಗಿ ಕಣ್ಣಿಗಿ ತಿಳೀತದರಿ. ಇದು ತಿಳಿಯೂದಿಲ್ಲ. ದೊಡ್ಡವರಿಗಿ ತಲಿ ಹಿಡೀತದ, ಕೂಸಿಗಿ ಹೇಳ್ಲಿಕ್ಕೂ ಬರೂದಿಲ್ಲ."

ಅವರ ಮುಖ ಕೆಂಪಾಯಿತು. ಮಂದಿಯ ಎದುರೇ, "ಹಂಗಾದ್ರ ನಿಮ್ಮ ಕೈಲೆ ಆಗ್ಲಿಲ್ಲ ಅನ್ರಿ," ಅಂದರು.

"ಆಗ್ಲಿಲ್ಲರಿ," ಅಂದೆ.

ಇಷ್ಟು ಸಣ್ಣ ಮಾತು. ಪಾನಾ ಹಿಡಿದಾಗಿನಿಂದ ಅದನ್ನು ಯಾವ ಗಿರಾಕಿಗೂ ಹೇಳಿರಲಿಲ್ಲ. ಹೆಡರ್ ತೆಳು ಇತ್ತು ಅಂತ ಆಗಲೂ ಹೇಳಲಿಲ್ಲ. ಹೇಳಿದ್ದರೆ ಮಾನ ಉಳಿಯುತ್ತಿತ್ತೇನೋ. ಆದರೆ ಅವರ ಕೈಯಲ್ಲಿದ್ದ ಮಾಲೆ ನೋಡಿ ಬಾಯಿ ಬರಲಿಲ್ಲ.

ಬೀಗತಿ ಮುಂದೆ ಬಂದರು. ಗಂಡನ ಕೈಯಿಂದ ಮಾಲೆ ತೆಗೆದುಕೊಂಡರು. "ಔರಾದ ಬಸ್ ಎಷ್ಟೊತ್ತಿಗಿ ಅದರಿ?" ಅಂತ ನನ್ನನ್ನು ಕೇಳಿದರು.

"ನನ್ನ ಮೊಮ್ಮಗಳು ಬಸ್ಸಿನಾಗ ಬರಬೇಕೇನು? ಮಂದಿ ಏನಂತಾರ?" ಬೀಗರು ದನಿ ಏರಿಸಿದರು.

"ಬಂದಳು ಅಂತಾರ," ಅಂದರು ಬೀಗತಿ. "ನೀವು ನಿಮ್ಮ ಅಪ್ಪನ ಗಾಡಿ ತರ್ರಿ. ಗಾಜು ಇಳಿಸ್ರಿ. ತೊಟ್ಲಾ ಮ್ಯಾಲ ಕಟಗೋರಿ."

ಹಾಗೇ ಆಯಿತು. ಅಂಬಾಸಿಡರಿನ ಟಪ್ಪಿನ ಮೇಲೆ ತೊಟ್ಟಿಲು ಕಟ್ಟಿದೆವು. ಬೀಗರು ನನ್ನ ಕಡೆ ತಿರುಗಿಯೂ ನೋಡದೆ ನಾಲ್ಕೂ ಗಾಜು ಇಳಿಸಿಕೊಂಡು ಒಬ್ಬರೇ ಹೊರಟುಹೋದರು. ಬೀಗತಿ, ಕೂಸನ್ನೆತ್ತಿಕೊಂಡ ಮಗಳು, ಬಿಟ್ಟುಬರಲು ಹೊರಟ ನಾನು ಬಸ್ಸಿಗೆ ನಿಂತೆವು. ಜನ ತುಂಬಿತ್ತು, ಆದರೆ ಬಾಣಂತಿ ಅಂತ ಕಂಡ ಕೂಡಲೇ ಎರಡು ಸೀಟು ಬಿಟ್ಟರು. ಕಂಡಕ್ಟರ್ ಬಂದು, "ಅವ್ವಾರಿಗಿ ಫ್ರೀ, ಅಕ್ಕಾರಿಗಿ ಫ್ರೀ. ಕೂಸು?" ಅಂದ.

"ಹೆಣ್ಣುಮಗಳಪಾ," ಅಂದೆ.

"ಹಂಗಾದ್ರ ಅಕಿದೂ ಫ್ರೀ. ಎಲ್ಲಾರ ಪಾಲಿಂದು ನೀವೊಬ್ಬರೇ ತಗೋರಿ, ಅಜ್ಜಾರ."

ಬಸ್ಸೆಲ್ಲ ನಕ್ಕಿತು. ಮಗಳು ಸೆರಗು ಸರಿಮಾಡಿಕೊಳ್ಳಲು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಅದು ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ನಿದ್ದೆಹೋಯಿತು. ತೆಗೆದುಕೊಳ್ಳಲು ಮಗಳು ಕೈಚಾಚಿದರೆ ನಾನು ಕೊಡಲಿಲ್ಲ. ಗಾಡಿಯಲ್ಲಿ ಹೋಗಿದ್ದರೆ ನಾನು ಬೀಗರ ಪಕ್ಕದಲ್ಲಿ ಕೂತು ಟಿಕ್ ಟಿಕ್ ಎಲ್ಲಿ ಬರುತ್ತದೋ ಅಂತ ಕಿವಿಯಾನಿಸಿ ಸಾಯುತ್ತಿದ್ದೆ. ಇಲ್ಲಿ ಇಡೀ ದಾರಿ ಅವಳು ನನ್ನವಳು. ಆ ಸುಖ ಹೇಗೆ ಹೇಳಲಿ! ಎದೆಯ ಮೇಲಿನ ಭಾರ ಮಾತ್ರ ಇಳಿದಿರಲಿಲ್ಲ, ಅದರ ಪಕ್ಕದಲ್ಲೇ ಈ ಸುಖ ಬಂದು ಕೂತಿತ್ತು.

ಸಂತಪುರ ದಾಟಿ ಸ್ವಲ್ಪ ಮುಂದೆ ಡ್ರೈವರ್ ಬಸ್ ನಿಧಾನ ಮಾಡಿದ. ರಸ್ತೆಯ ಬದಿಗೆ ಅಂಬಾಸಿಡರ್, ಬಾನೆಟ್ ಎತ್ತಿದೆ, ಟಪ್ಪಿನ ಮೇಲೆ ತೊಟ್ಟಿಲು. ಬೀಗರು ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸುತ್ತಿದ್ದರು. ನಾನು ಕಿಟಕಿಯಿಂದಲೇ ನೋಡಿದೆ. ಹೆಡರಿನ ಮೂರು ಕೊಳವೆಗಳೂ ಬುಡದಲ್ಲಿ ಕಿತ್ತು ಕೆಳಗೆ ಜೋತುಬಿದ್ದಿದ್ದವು. ನಾನು ಹಾಕಿದ ತೇಪೆಗಳ ಸಮೇತ.

ಕಂಡಕ್ಟರ್ ಬೈಯುತ್ತಲೇ ತೊಟ್ಟಿಲು ಇಳಿಸಲು ಕೈಹಚ್ಚಿದ. ಜನ ಅದನ್ನು ತಲೆಯ ಮೇಲೆ ಹಾಯಿಸಿ ಒಳಗೆ ತಂದರು. ಬೀಗರು ಗಾಡಿಗೆ ಬೀಗ ಹಾಕಿ, ಬಸ್ ಹತ್ತಿ, ನನ್ನ ಪಕ್ಕಕ್ಕೆ ಬಂದು ಕೂತರು. ಬೆವತಿದ್ದರು. ಅವರ ಕಣ್ಣು ನನ್ನ ತೊಡೆಯ ಮೇಲಿದ್ದ ಕೂಸಿನ ಮೇಲೆಯೇ ಇತ್ತು. ಅದು ಉಸಿರಾಡುವುದನ್ನು ನೋಡುತ್ತಿದ್ದರು. ಹೊಟ್ಟೆ ಏರುವುದು, ಇಳಿಯುವುದು.

"ಕೊಡ್ರಿ ಇಲ್ಲಿ," ಅಂದರು, ಕೈ ಚಾಚಿ.

ಮೊಣಕೈವರೆಗೆ ಮಸಿ.

"ಕೈ ತೊಳಕೊಳ್ರಿ ಮೊದಲ," ಅಂದೆ.

"ಬಸ್ಸಿನಾಗ ಎಲ್ಲಿಂದು ನೀರು?"

"ಹಂಗಾದ್ರ ಔರಾದ ಬರೂತನಾ ಸುಮ್ಮ ಕೂಡ್ರಿ."

ಅವರು ಎರಡೂ ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿದು, ಎಲ್ಲಿಯೂ ತಾಗಿಸದೆ, ಔರಾದದವರೆಗೆ ಹಾಗೇ ಕೂತರು.